ಚಿನ್ನದ ಕೈಗೆ ಸಂಬಳ

ಎಲ್ಲದಕ್ಕೂ ಕಾರಣ ಒಂದು ಪೊರಕೆ. ಅದೂ ಇದ್ದ ಪೊರಕೆಯಲ್ಲ, ಇರಬೇಕಾಗಿದ್ದು ಇಲ್ಲದೆ ಹೋದ ಪೊರಕೆ.

ವಾಚು ರಿಪೇರಿ ಅಂಗಡಿಯ ಯಜಮಾನ ಬೆಳಿಗ್ಗೆ ಬಾಗಿಲೆತ್ತಿ, ಊಟದ ಕ್ಯಾರಿಯರನ್ನು ಮೇಜಿನ ಕೆಳಗಿಟ್ಟು ಇನ್ನೇನು ಕೂರಬೇಕು, ಅಷ್ಟರಲ್ಲಿ ಅವನ ತೆರಿಗೆ ವ್ಯವಹಾರ ನೋಡಿಕೊಳ್ಳುವ ಲೆಕ್ಕಿಗನ ಫೋನು ಬಂತು. ಮಧ್ಯಾಹ್ನ ತೆರಿಗೆ ಕಚೇರಿಯಿಂದ ಸಾಹೇಬರು ಬರುತ್ತಾರಂತೆ. ಹೆಂಡತಿ ಅಂಗಡಿಯಲ್ಲಿ ಅರೆಹೊತ್ತು ಕೆಲಸ ಮಾಡುತ್ತಾಳೆ, ಅವಳಿಗೆ ಸಂಬಳ ಕೊಡುತ್ತೇನೆ ಎಂದು ವರ್ಷವರ್ಷವೂ ಖರ್ಚು ತೋರಿಸಿದ್ದಾನಲ್ಲ, ಆ ಕೆಲಸವನ್ನು ಅವರು ಕಣ್ಣಾರೆ ನೋಡಬೇಕಂತೆ. ಸುಳ್ಳೆಂದು ಕಂಡರೆ ಉಳಿಸಿದ ತೆರಿಗೆಯ ಜೊತೆಗೆ ದಂಡವನ್ನೂ ಕಕ್ಕಬೇಕು. ಅಂಗಡಿ ಮಾರಿದರೂ ತೀರದಷ್ಟು ದಂಡ.

“ಏನು ಕೆಲಸ ಅಂತ ಬರೆದಿದೀರಿ?” ಎಂದು ಯಜಮಾನ ಕೇಳಿದ.

“ನೀವೇ ಹೇಳಿದ್ದಲ್ವಾ? ಅಂಗಡಿ ಗುಡಿಸಿ ಧೂಳು ಒರೆಸೋದು.”

ಯಜಮಾನ ಅಂಗಡಿಯನ್ನು ಸುತ್ತ ಒಮ್ಮೆ ನೋಡಿದ. ಗೋಡೆ ಗಡಿಯಾರಗಳ ಮೇಲೆ ಧೂಳು ಎಷ್ಟು ಕೂತಿತ್ತೆಂದರೆ ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಕಿವಿಗೊಟ್ಟೇ ತಿಳಿಯಬೇಕಿತ್ತು. ಮೂಲೆಗಳಲ್ಲಿ ಜೇಡಗಳು ಸಂಸಾರ ಹೂಡಿದ್ದವು. ಪೊರಕೆ ಎನ್ನುವ ವಸ್ತು ಆ ಹೊಸಿಲು ದಾಟಿದ್ದೇ ಇಲ್ಲ.

ಹಾಗಂತ ಹೆಂಡತಿ ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ. ಮಾಡುತ್ತಿದ್ದಳು. ತೊಂದರೆ ಇದ್ದದ್ದೇ ಅಲ್ಲಿ.

ಬೀದಿಯ ಜನ ಯಜಮಾನನನ್ನು ಚಿನ್ನದ ಕೈ ಎಂದು ಕರೆಯುತ್ತಿದ್ದರು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಬೇರೆಯವರೆಲ್ಲ ಕೈಚೆಲ್ಲಿದ ವಾಚು ಇವನು ಮುಟ್ಟಿದರೆ ನಡೆಯುತ್ತಿತ್ತು. ಆಮೇಲೆ ಆ ಕೈಗೆ ನಡುಕ ಹಿಡಿಯಿತು. ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿಯಬೇಕಾದ ಚಿಮಟ ತಾನೇ ಕುಣಿಯತೊಡಗಿತು. ಒಂದು ದಿನ ಮನೆಯ ಊಟದ ಮೇಜಿನ ಮೇಲೆ ಒಂದು ಸ್ಪ್ರಿಂಗಿನ ಜೊತೆ ಗುದ್ದಾಡಿ ಗುದ್ದಾಡಿ ಅವನು ಅಳುವ ಹಾಗಾದಾಗ ಹೆಂಡತಿ, “ಕೊಡಿ ಇಲ್ಲಿ” ಎಂದು ಚಿಮಟ ಇಸಿದುಕೊಂಡಿದ್ದಳು. ಅದು ಅವಳ ಕೈಯಲ್ಲೇ ಉಳಿಯಿತು. ಅಂದಿನಿಂದ ಸಂಜೆ ಕೆಟ್ಟ ವಾಚುಗಳು ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಮನೆಗೆ ಹೋಗುತ್ತಿದ್ದವು. ಬೆಳಿಗ್ಗೆ ಮೇಲಿನ ಡಬ್ಬಿಯಲ್ಲಿ ಊಟ, ಕೆಳಗಿನದರಲ್ಲಿ ರಿಪೇರಿಯಾದ ವಾಚುಗಳು ಅಂಗಡಿಗೆ ಬರುತ್ತಿದ್ದವು. ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆಗಲೇ ಸರಿಹೋದ ವಾಚನ್ನು ತಿರುಗಿಸಿ ಮುರುಗಿಸಿ ನೋಡುತ್ತ, ಬಂದವರಿಗೆಲ್ಲ “ನಾಳೆ ಬನ್ನಿ” ಎನ್ನುವುದಷ್ಟೇ ಯಜಮಾನನ ಕೆಲಸ. ಪಕ್ಕದ ಅಂಗಡಿಯ ಟೈಲರ್ ಮಾತ್ರ, ಇಷ್ಟು ಸಣಕಲು ಮನುಷ್ಯ ದಿನಾ ಎರಡು ಡಬ್ಬಿ ಊಟ ಎಲ್ಲಿಗೆ ಹಾಕುತ್ತಾನೆ ಎಂದು ತಲೆ ಕೆಡಿಸಿಕೊಂಡಿದ್ದ.

ಗುಟ್ಟು ಹೊರಬೀಳದಿರಲೆಂದು ಯಜಮಾನ ಒಂದು ಮಾತು ರೂಢಿಸಿಕೊಂಡಿದ್ದ. ಹೆಂಡತಿ ಏನು ಮಾಡುತ್ತಾರೆ ಎಂದು ಯಾರು ಕೇಳಲಿ, “ಅವಳೇನು ಮಾಡ್ತಾಳೆ? ಮನೇಲಿ ಸುಮ್ನೆ ಇರ್ತಾಳೆ” ಎನ್ನುತ್ತಿದ್ದ. ಹೇಳಿ ಹೇಳಿ ಅದು ಇಡೀ ಬೀದಿಗೆ ಬಾಯಿಪಾಠವಾಗಿತ್ತು.

ಸಂಬಳದ ಉಪಾಯ ಹೇಳಿಕೊಟ್ಟ ಲೆಕ್ಕಿಗ, ಹಣ ನಿಜವಾಗಿ ಹೆಂಡತಿಯ ಖಾತೆಗೆ ಹೋಗಬೇಕು, ಹೆಂಡತಿ ನಿಜವಾಗಿ ಕೆಲಸ ಮಾಡಬೇಕು ಎಂದು ಬಿಡಿಸಿ ಹೇಳಿದ್ದ. ಹಣ ಖಾತೆಗೆ ಹೋಗುತ್ತಿತ್ತು. ಖಾತೆಯ ಕಾರ್ಡು ಯಜಮಾನನ ಅಂಗಿ ಜೇಬಿನಲ್ಲಿರುತ್ತಿತ್ತು. ಅಂಥದ್ದೊಂದು ಖಾತೆ ಇದೆ ಎಂಬುದೇ ಹೆಂಡತಿಗೆ ಗೊತ್ತಿಲ್ಲ. ಇಲ್ಲೊಂದು ಸೈನ್ ಹಾಕು ಎಂದಾಗ ಒದ್ದೆ ಕೈ ಒರೆಸಿಕೊಂಡು ಹಾಕಿದ್ದಳು, ಅಷ್ಟೆ. ಇನ್ನು ಕೆಲಸ. ವಾಚು ರಿಪೇರಿ ಎಂದು ಬರೆಸಿದರೆ ಚಿನ್ನದ ಕೈ ಯಾರದೆಂದು ಸರ್ಕಾರಕ್ಕೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಗುಡಿಸೋದು ಎಂದು ಬರೆಸಿದ. ಹೆಸರು ಉಳಿಯಿತು, ತೆರಿಗೆ ಇಳಿಯಿತು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಿದ್ದ ಆ ಮಹಾಶಯ.

ಈಗ ಅವನು ಮನೆಗೆ ಫೋನು ಮಾಡಿ, ತಕ್ಷಣ ಬಾ, ಯಾರೋ ಸಾಹೇಬರು ಬರುತ್ತಾರೆ, ಅಂಗಡಿ ಗುಡಿಸು, ಕೇಳಿದರೆ ದಿನಾ ಗುಡಿಸುತ್ತೇನೆ ಅನ್ನು ಎಂದು ಒಂದೇ ಉಸಿರಿಗೆ ಹೇಳಿದ.

“ಹೆಡ್‌ಮೇಡಂ ವಾಚು ಪೂರ್ತಿ ಬಿಚ್ಚಿ ಹರವಿದೀನ್ರೀ,” ಎಂದಳು ಹೆಂಡತಿ. “ಇವತ್ತೇ ಕೊಡ್ಬೇಕು ಅಂತ ನೀವೇ ಹೇಳಿದ್ರಿ.”

“ಯಾವುದಾದ್ರೂ ಡಬ್ಬಿಗೆ ಹಾಕ್ಕೊಂಡು ಬಾ.”

ಹೆಡ್‌ಮೇಡಂ ಎಂದರೆ ಹತ್ತಿರದ ಶಾಲೆಯ ಮುಖ್ಯಸ್ಥೆ. ಆಕೆಯ ತಾಯಿಯ ಕಾಲದ ಪುಟ್ಟ ವಾಚು ಅದು. ಅದಕ್ಕೂ “ನಾಳೆ” ಕೇಳಿ ಕೇಳಿ ಆಕೆಯ ತಾಳ್ಮೆ ಮುಗಿಯುತ್ತ ಬಂದಿತ್ತು.

ಪೊರಕೆ ತರಲು ಯಜಮಾನ ಟೈಲರ್ ಬಳಿ ಓಡಿದ. ಟೈಲರ್ ಪೊರಕೆಯ ಹಿಡಿ ಬಿಡದೆ ಯಾಕೆ, ಏನು ಎಂದು ಸಾಹೇಬರು ಬರುವ ವಿಷಯವನ್ನೆಲ್ಲ ಹೊರಡಿಸಿಕೊಂಡ. ಆಮೇಲೆ, ನೀವು ಹೆದರಬೇಡಿ, ನಾನು ಸಾಕ್ಷಿ ಹೇಳ್ತೀನಿ ಎಂದು ಅಭಯ ಕೊಟ್ಟು, ಬೀದಿಯ ಅಂಗಡಿ ಅಂಗಡಿಗೂ ಹೋಗಿ ಎಲ್ಲರಿಗೂ ಏನು ಹೇಳಬೇಕೆಂದು ಪಾಠ ಹೇಳಿಕೊಟ್ಟು ಬಂದ. ಝೆರಾಕ್ಸ್ ಅಂಗಡಿಯಾಕೆಗೆ ಮಾತ್ರ ಹೇಳಲಿಲ್ಲ. ಮೆಟ್ಟಿಲ ಮೇಲೆ ಬೋರ್ಡು ಇಡುವ ವಿಷಯಕ್ಕೆ ಅವರಿಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಹೆಂಡತಿ ಬಂದಳು. ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಏನೂ ಕೇಳದೆ ಗುಡಿಸತೊಡಗಿದಳು. ಟೈಲರನ ಪೊರಕೆಯಲ್ಲಿ ಸಿಕ್ಕಿಕೊಂಡಿದ್ದ ಬಣ್ಣಬಣ್ಣದ ದಾರದ ತುಂಡುಗಳು ಅಂಗಡಿಯ ತುಂಬ ಹರಡಿಕೊಂಡವು. ಗುಡಿಸಿದಷ್ಟೂ ಕಸ ಹೆಚ್ಚುತ್ತಿತ್ತು. ಪೊರಕೆ ಮೇಜಿನಡಿ ಹೋದಾಗ ಅಲ್ಲಿಂದ ಸ್ಕ್ರೂಗಳು, ಸ್ಪ್ರಿಂಗುಗಳು, ಮುರಿದ ಮುಳ್ಳುಗಳು ಹೊರಬಂದವು. ನಡುಗುವ ಕೈಯಿಂದ ಎಂದೋ ಜಾರಿ ಬಿದ್ದು, ಸಿಗದೆ ಹೋಗಿದ್ದಂಥವು. ಅವಳು ಕೂತು ಒಂದೊಂದಾಗಿ ಅಂಗೈಗೆ ಆರಿಸಿಕೊಂಡಳು.

“ಇಷ್ಟೊಂದು ಬಿದ್ದಿದ್ವಾ? ಹೇಳಲೇ ಇಲ್ವಲ್ಲ ನೀವು,” ಎಂದಳು. ದನಿಯಲ್ಲಿ ಮರುಕವಿತ್ತು. ಆಗ ಅವನು ಒಂದೇ ಒಂದು ಒಳ್ಳೆಯ ಮಾತಾಡಿದ್ದರೂ ಮುಂದಿನದೆಲ್ಲ ತಪ್ಪುತ್ತಿತ್ತೇನೋ. ಆದರೆ ಅವನು, “ಬೇಗ ಗುಡಿಸೇ, ಬಂದುಬಿಡ್ತಾರೆ” ಎಂದು ಗದರಿದ.

ಸಾಹೇಬರು ಬಂದೇ ಬಿಟ್ಟರು, ಸೀನುತ್ತಾ. ಅವರು ನೇರವಾಗಿ ಬಂದಿರಲಿಲ್ಲ. ಮೊದಲು ಝೆರಾಕ್ಸ್ ಅಂಗಡಿಯಲ್ಲಿ ಯಾವುದೋ ಕಾಗದ ಮಾಡಿಸಿಕೊಳ್ಳುತ್ತಾ, ವಾಚು ಅಂಗಡಿಯವರ ಹೆಂಡತಿ ಏನು ಮಾಡುತ್ತಾರೆ ಎಂದು ಮೆಲ್ಲಗೆ ವಿಚಾರಿಸಿಕೊಂಡಿದ್ದರು.

“ನಿಮ್ಮ ಮನೆಯವರು ಮನೇಲಿ ಸುಮ್ನೆ ಇರ್ತಾರಂತಲ್ಲ?” ಎಂದರು.

“ನಾನೇನು ಸುಳ್ಳು ಹೇಳಿಲ್ಲಣ್ಣ,” ಎಂದಳು ಬಾಗಿಲಲ್ಲಿ ನಿಂತಿದ್ದ ಝೆರಾಕ್ಸ್ ಅಂಗಡಿಯಾಕೆ. “ನೀವೇ ಯಾವಾಗಲೂ ಹೇಳೋದು.”

ಟೈಲರ್ ತಡೆಯಲಾರದೆ ನುಗ್ಗಿ ಬಂದ. ಅಕ್ಕ ದಿನಾ ಗುಡಿಸುತ್ತಾರೆ, ನೆಲ ಕನ್ನಡಿಯ ಹಾಗಿಡುತ್ತಾರೆ, ತಾನು ಕಣ್ಣಾರೆ ನೋಡಿದ್ದೇನೆ ಎಂದು ಹೇಳಿ, ಕೊನೆಗೆ ಉತ್ಸಾಹ ಹೆಚ್ಚಾಗಿ, ಬೇಕಾದರೆ ಪೊರಕೆ ನೋಡಿ ಸಾರ್, ನಂದೇ, ಈಗಷ್ಟೇ ಕೊಟ್ಟೆ ಎಂದುಬಿಟ್ಟ. ಸಾಹೇಬರು ಜೇಡರ ಬಲೆಯನ್ನೂ ಅವನ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಅದೇ ಹೊತ್ತಿಗೆ ಹೆಡ್‌ಮೇಡಂ ಬಂದು, ತಮ್ಮ ವಾಚು ಎಲ್ಲಿ ಎಂದು ಕೇಳಲು ಸರದಿಯಲ್ಲಿ ನಿಂತರು.

ಸಾಹೇಬರು ಹೆಂಡತಿಯ ಕಡೆ ತಿರುಗಿದರು. “ಅಮ್ಮಾ, ಸಂಬಳ ತಿಂಗಳು ತಿಂಗಳು ಸರಿಯಾಗಿ ಬರ್ತಿದೆಯಾ?”

“ಸಂಬಳನಾ? ಯಾರಿಗೆ ಸಾರ್?”

“ನಿಮಗೆ. ನಿಮ್ಮ ಖಾತೆಗೆ ಬರ್ತಿದೆಯಲ್ಲ, ಅಂಗಡಿ ಗುಡಿಸಿದ್ದಕ್ಕೆ.”

ಅವಳು ಗಂಡನ ಮುಖ ನೋಡಿದಳು. “ಗುಡಿಸಿದ್ದಕ್ಕಾ?” ಎಂದಳು, ಅಷ್ಟೇ. ದುಡ್ಡು ಮುಚ್ಚಿಟ್ಟಿದ್ದಕ್ಕೆ ಅಷ್ಟು ನೋವಾಗಲಿಲ್ಲ. ಕಣ್ಣು ಉರಿಯುವ ತನಕ ಕೂತು ತಾನು ಮಾಡಿದ ಕೆಲಸಕ್ಕೆಲ್ಲ ಅವನು ಕೊಟ್ಟ ಹೆಸರು ಕಸ ಗುಡಿಸೋದು ಅನ್ನುವುದೊಂದೇ. ಅದು ಎದೆಗೆ ಚುಚ್ಚಿತು.

“ಅವಳಿಗೇನು ಗೊತ್ತಾಗುತ್ತೆ ಸಾರ್, ವ್ಯವಹಾರ ಎಲ್ಲ ನಂದೇ,” ಎಂದು ಯಜಮಾನ ನಡುವೆ ಬಾಯಿ ಹಾಕಿದ. “ಅವಳು ಸುಮ್ನೆ...” ರೂಢಿಯಾದ ನಾಲಿಗೆ, ತಾನಾಗಿ ಜಾರಿತು.

ಸಾಹೇಬರು ಪೆನ್ನು ತೆಗೆದರು. ಹಾಗಿದ್ದರೆ ಕೆಲಸವೇ ಇಲ್ಲ, ಸಂಬಳ ಸುಳ್ಳು ಎಂದರು.

ಯಜಮಾನನ ಕಣ್ಣ ಮುಂದೆ ದಂಡ ನಿಂತಿತು. ಅಂಗಡಿ ಬೇಕೋ ಹೆಸರು ಬೇಕೋ, ಎರಡರಲ್ಲೊಂದು. ಬಾಗಿಲಲ್ಲಿ ಟೈಲರ್, ಝೆರಾಕ್ಸಿನಾಕೆ, ಹೆಡ್‌ಮೇಡಂ, ಮೂರು ಜೊತೆ ಕಿವಿ. ಅವನು ಕಣ್ಣು ಮುಚ್ಚಿಕೊಂಡು, ಎಷ್ಟೋ ವರ್ಷಗಳಿಂದ ಗಂಟಲಲ್ಲೇ ಇದ್ದ ಸತ್ಯವನ್ನು ಹೊರಗೆ ಹಾಕಿದ.

“ಗುಡಿಸೋದಲ್ಲ ಸಾರ್. ಈ ಅಂಗಡಿಯ ವಾಚೆಲ್ಲ ರಿಪೇರಿ ಮಾಡೋದು ಅವಳೇ. ನನ್ನ ಕೈ ಎಂದೋ ಹೋಗಿದೆ.”

ಯಾರೂ ನಂಬಲಿಲ್ಲ. ಟೈಲರ್ ನಗಲು ಶುರುಮಾಡಿದ. ಝೆರಾಕ್ಸಿನಾಕೆಯೂ ಮುನಿಸು ಮರೆತು ಅವನ ಜೊತೆ ನಕ್ಕಳು. ಹೆಡ್‌ಮೇಡಂ ಮಾತ್ರ ಗಂಭೀರವಾಗಿ, ತೆರಿಗೆ ಉಳಿಸಲು ಮನುಷ್ಯ ಇಷ್ಟು ಕೆಳಗಿಳಿಯಬಾರದು, ಕಣ್ಣಿಗೆ ಗಾಜು ಹಾಕಿಕೊಂಡು ನೀವು ರಿಪೇರಿ ಮಾಡುವುದನ್ನು ನಾನೇ ನೋಡಿದ್ದೇನೆ ಎಂದು ಬುದ್ಧಿ ಹೇಳಿದರು. ಯಜಮಾನ ನಡುಗುವ ಕೈಯನ್ನು ಸಾಕ್ಷಿಯಾಗಿ ಮುಂದೆ ಚಾಚಿದ.

“ನನ್ನನ್ನ ಕಂಡ್ರೆ ಎಲ್ಲರ ಕೈಯೂ ಹೀಗೇ ನಡುಗುತ್ತೆ,” ಎಂದರು ಸಾಹೇಬರು.

ಆದರೂ ನ್ಯಾಯವಂತ ಮನುಷ್ಯ. ಡಬ್ಬಿಯ ಮುಚ್ಚಳ ತೆಗೆಸಿ, ಚಿಮಟವನ್ನು ಹೆಂಡತಿಯ ಮುಂದಿಟ್ಟು, “ಒಂದು ಸ್ಕ್ರೂ ಹಾಕಿ ತೋರಿಸಿ, ಸಾಕು” ಎಂದರು. ಯಜಮಾನ ಅವಳನ್ನು ನೋಡಿದ. ಮದುವೆಯಾದಾಗಲೂ ಅಷ್ಟು ಆಸೆಯಿಂದ ನೋಡಿರಲಿಲ್ಲ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಚಿಮಟ ನೋಡಿದಳು. ಬೆರಳುಗಳು ಒಮ್ಮೆ ಅಲುಗಿದವು, ಮತ್ತೆ ಮಡಚಿಕೊಂಡವು.

“ನನಗೇನು ಗೊತ್ತು ಸಾರ್?” ಎಂದಳು. “ನಾನು ಮನೇಲಿ ಸುಮ್ನೆ ಇರೋಳು.”

ಸಾಹೇಬರು ಬರೆದುಕೊಂಡರು. ಯಜಮಾನ, ಹೋಗಲಿ, ಆ ಖಾತೆಯಲ್ಲಿರುವ ದುಡ್ಡಿನಿಂದಲೇ ದಂಡ ಕಟ್ಟುತ್ತೇನೆ ಎಂದ.

“ಖಾತೆ ನಿಮ್ಮದಲ್ಲವಲ್ಲ. ಸಂಬಳ ಅಲ್ಲ ಅಂದ್ಮೇಲೆ ಅದು ನೀವು ಹೆಂಡ್ತಿಗೆ ಪ್ರೀತಿಯಿಂದ ಕೊಟ್ಟಿದ್ದು. ಬೇಕಿದ್ರೆ ಅವರನ್ನ ಕೇಳಿ,” ಎಂದು ಸಾಹೇಬರು ಮತ್ತೊಮ್ಮೆ ಸೀನಿ ಹೊರಟುಹೋದರು.

ಹೆಂಡತಿ ಗಂಡನ ಮುಂದೆ ಅಂಗೈ ಚಾಚಿದಳು. ಎಲ್ಲರ ಎದುರಿಗೆ ಅವನು ಜೇಬಿನಿಂದ ಕಾರ್ಡು ತೆಗೆದು ಆ ಕೈಗೆ ಇಡಬೇಕಾಯಿತು. ಇಡುವಾಗ ಕೈ ನಡುಗಿದ್ದನ್ನು ಯಾರೂ ಗಮನಿಸಲಿಲ್ಲ.

“ನನ್ನ ವಾಚು?” ಎಂದರು ಹೆಡ್‌ಮೇಡಂ.

“ಇಲ್ಲೇ ಇದೆ ಮೇಡಂ. ಬಿಚ್ಚಿ ಆಗಿದೆ, ಜೋಡಿಸೋದಷ್ಟೇ. ಇವರು ಈಗಲೇ ಮಾಡಿಕೊಡ್ತಾರೆ.” ಹೆಂಡತಿ ಡಬ್ಬಿಯನ್ನು ಗಂಡನ ಮುಂದೆ ಸರಿಸಿ, ಆರಿಸಿಟ್ಟಿದ್ದ ಸ್ಕ್ರೂ ಸ್ಪ್ರಿಂಗುಗಳನ್ನು ಅದರ ಪಕ್ಕ ಸುರಿದಳು. ಪೊರಕೆಯನ್ನು ಟೈಲರ್‌ಗೆ ಒಪ್ಪಿಸಿ, ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಬೀದಿಗಿಳಿದಳು. ಹೆಡ್‌ಮೇಡಂ ಸ್ಟೂಲು ಎಳೆದು ಕೂತು, ನಾಳೆ ಎನ್ನುವ ಮಾತು ಇನ್ನು ಬೇಡ, ವಾಚು ತೆಗೆದುಕೊಂಡೇ ಏಳುವುದು ಎಂದರು.

ಯಜಮಾನ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ. ಚಿಮಟ ಹಿಡಿದ. ಚಿಮಟ ಡಬ್ಬಿಯ ಅಂಚಿಗೆ ಬಡಿದು ಟಕಟಕ ಸದ್ದು ಮಾಡತೊಡಗಿತು. ಟೈಲರ್ ಬಾಗಿಲಿಂದ ಇಣುಕಿದ.

“ಏನ್ ಯಜಮಾನ್ರೇ, ಅಕ್ಕ ಡಬ್ಬಿ ಇಲ್ಲೇ ಬಿಟ್ಟು ಹೋದ್ರಲ್ಲ. ಇನ್ನೂ ತುಂಬಾ ಇದೆಯಾ?”

“ತುಂಬಾ ಇದೆ,” ಎಂದ ಯಜಮಾನ. “ಇನ್ಮೇಲೆ ಎಲ್ಲ ನಾನೊಬ್ಬನೇ ಮುಗಿಸ್ಬೇಕು.”