ಪಂಚನಹಳ್ಳಿ ಕೇಂದ್ರದ ಅಂಬೆಗಾಲು

ಪಂಚನಹಳ್ಳಿಯ ಅಂಗನವಾಡಿಗೆ ಸೇರಿದ ಒಂಬತ್ತು ತಿಂಗಳ ಶಿಶು ಹೇಮಂತ ಅಂಬೆಗಾಲಿಡುತ್ತಿಲ್ಲ ಎಂಬ ಸಂಗತಿ ಸೋಮವಾರ ‘ಶಿಶು ಚಲನಾ ಅಭಿಯಾನ’ದ ಕಚೇರಿಯ ಗಮನಕ್ಕೆ ಬಂತು.

ಹೇಮಂತ ಕೂತಲ್ಲಿಂದಲೇ ಕುಂಡಿ ಜರುಗಿಸಿ ಓಡಾಡುತ್ತಿದ್ದ. ಹಾಗಾಗಿ ಅವನ ಎರಡೂ ಕೈ ಖಾಲಿ. ಒಂದರಲ್ಲಿ ಸೌಟು, ಇನ್ನೊಂದರಲ್ಲಿ ತೆಂಗಿನ ಚಿಪ್ಪು. ಬಡಿದು, ಕಚ್ಚಿ, ತಿರುಗಿಸಿ ನೋಡಿ, ಎಸೆದು, ಎಸೆದದ್ದರ ಹಿಂದೆಯೇ ಹೋಗುತ್ತಿದ್ದ. ಅಂಬೆಗಾಲಿನ ಕೂಸುಗಳು ಹಿಡಿದದ್ದನ್ನು ಬಿಟ್ಟೇ ಮುಂದೆ ಹೋಗಬೇಕಿತ್ತು. ಕಾರ್ಯಕರ್ತೆ ಪಂಕಜಾಕ್ಷಿಗೆ ಇದು ಜಾಣತನ ಅನ್ನಿಸಿತ್ತು. ಅನ್ನಿಸಿದ್ದನ್ನು ತುಂಬಲು ಅಭಿಯಾನದ ಆ್ಯಪಿನಲ್ಲಿ ಜಾಗವಿರಲಿಲ್ಲ.

ನಿಯಮ ಏಳು ಸ್ಪಷ್ಟವಾಗಿತ್ತು: “ಶಿಶುವು ಎರಡು ಕೈ, ಎರಡು ಮಂಡಿ ನೆಲಕ್ಕೂರಿ ಮುಂದುವರಿಯತಕ್ಕದ್ದು. ಅನ್ಯ ವಿಧಾನದಿಂದ ತಲುಪಿದ ವಸ್ತುವನ್ನು ತಲುಪಿದಂತೆ ಪರಿಗಣಿಸತಕ್ಕದ್ದಲ್ಲ.”

ಶುಕ್ರವಾರದೊಳಗೆ ಅಂಬೆಗಾಲಿನ ಫೋಟೋ ಬಾರದಿದ್ದರೆ ಕೇಂದ್ರವನ್ನು ‘ಚಲನರಹಿತ’ವೆಂದು ಘೋಷಿಸಿ ಮುಚ್ಚಿ, ಮಕ್ಕಳನ್ನು ಚೌಳಹಿರಿಯೂರಿನ ಕೇಂದ್ರಕ್ಕೆ ಸೇರಿಸಲಾಗುವುದು. ಪಂಕಜಾಕ್ಷಿ ಹದಿನಾಲ್ಕು ವರ್ಷ ನಡೆಸಿದ ಕೇಂದ್ರ ಅದು.

ಗುರುವಾರ ಪರಿಶೀಲಕ ರುದ್ರಮೂರ್ತಿ ಕಡೂರಿನಿಂದ ಬಂದರು. ಅಜ್ಜಿ ಸಾವಿತ್ರಮ್ಮ ಮೊಮ್ಮಗನನ್ನು ಚಾಪೆಯ ಮೇಲೆ ಬಿಟ್ಟರು. ಹೇಮಂತ ಜರುಗಿಕೊಂಡು ಬಂದು, ಎದುರಿಗೆ ನೆಲದ ಮೇಲೆ ಕೂತಿದ್ದ ಸಾಹೇಬರ ಜೇಬಿನ ಪೆನ್ನು ಕಿತ್ತುಕೊಂಡ.

“ಇದನ್ನ ತಲುಪಿದ್ದು ಅಂತ ಬರಿಯಂಗಿಲ್ಲ,” ಎಂದರು ರುದ್ರಮೂರ್ತಿ.

“ಪೆನ್ನು ಅವನ ಬಾಯಲ್ಲೈತೆ ಕಣ್ರೀ,” ಎಂದರು ಸಾವಿತ್ರಮ್ಮ.

“ನಿಯಮದ ಪ್ರಕಾರ ನನ್ನ ಜೇಬಲ್ಲೇ ಇದೆ.”

“ಹಂಗಾರೆ ಅದ್ರಲ್ಲೇ ಬರ್ಕಳ್ರಿ.”

ಮಾದರಿ ತೋರಿಸಿದರೆ ಶಿಶು ಕಲಿಯಬಹುದೆಂದು ಕೈಪಿಡಿಯಲ್ಲಿತ್ತು. ಪಂಕಜಾಕ್ಷಿಗೆ ಮಂಡಿನೋವು. ರುದ್ರಮೂರ್ತಿ ವಾಚು ಬಿಚ್ಚಿಟ್ಟು ತಾವೇ ನೆಲಕ್ಕೆ ಕೈಯೂರಿ ಚಾಪೆಯುದ್ದಕ್ಕೂ ಹೋದರು. ಹೇಮಂತ ಜೊತೆಯಲ್ಲೇ ಜರುಗುತ್ತ ಚಿಪ್ಪಿನಿಂದ ಅವರ ತಲೆ ತಟ್ಟಿ ನೋಡಿದ. ಪಂಕಜಾಕ್ಷಿ ಫೋಟೋ ತೆಗೆದು, ದೇವರ ಮೇಲೆ ಭಾರ ಹಾಕಿ ಕಳಿಸಿದಳು.

ಆ್ಯಪು ಹಸಿರು ಗುರುತು ಕೊಟ್ಟಿತು: “ಅಭಿನಂದನೆಗಳು. ಶಿಶುವಿನ ಚಲನೆ ತೃಪ್ತಿಕರ. ತೂಕ ತುಸು ಹೆಚ್ಚು.”

ಕೇಂದ್ರ ಉಳಿಯಿತು. ಒಮ್ಮೆ ದಾಖಲಾದ ಮುಖವೇ ಮುಂದಿನ ಹಂತಗಳಲ್ಲೂ ಇರಬೇಕೆಂಬುದು ನಿಯಮ ಎಂಟು. ಆದ್ದರಿಂದ ರುದ್ರಮೂರ್ತಿ ತಿಂಗಳಿಗೊಮ್ಮೆ ಬಂದು ಹೇಮಂತನ ಬೆಳವಣಿಗೆಯನ್ನು ಮುಗಿಸಿಕೊಟ್ಟು ಹೋಗತೊಡಗಿದರು. ಹತ್ತನೇ ತಿಂಗಳಲ್ಲಿ ಡಬ್ಬಿಯೊಳಗೆ ಚೆಂಡು ಹಾಕಿ ತೆಗೆದರು. ಚಪ್ಪಾಳೆ ಬಿತ್ತು.

ಹನ್ನೊಂದರಲ್ಲಿ ಗೋಡೆ ಹಿಡಿದು ನಿಲ್ಲುವ ಹಂತ. ಸಾಹೇಬರು ಚಾಪೆಯ ಮೇಲೆ ಕೂತು, ಪಂಕಜಾಕ್ಷಿ ಮೊಬೈಲು ಸರಿಮಾಡಿಕೊಳ್ಳುತ್ತಿದ್ದಾಗ ಹೇಮಂತ ತಾನಾಗಿ ಎದ್ದು, ಚೊಂಬು ಹಿಡಿದುಕೊಂಡೇ ನಾಲ್ಕು ಹೆಜ್ಜೆ ನಡೆದುಬಿಟ್ಟ.

ಪಂಕಜಾಕ್ಷಿ ಮೊಬೈಲನ್ನು ಸೆರಗಿನಡಿ ಮುಚ್ಚಿಕೊಂಡಳು. ಸಾವಿತ್ರಮ್ಮ ಓಡಿಬಂದು ಮೊಮ್ಮಗನನ್ನು ಕೂರಿಸಿದರು.

“ಲೇ ಪಾಪು, ಸುಮ್ನೆ ಕೂತ್ಕೊಳೋ,” ಎಂದು ಗದರಿದರು. “ಸಾಹೇಬ್ರೇ ಇನ್ನೂ ನಿಂತಿಲ್ಲ.”