ಅರಬರ ನಾಡಿಗೆ ಹೊರಟ ಕಡಕ್ ರೊಟ್ಟಿ

ಸಿರಸಂಗಿಯ ನನ್ನ ಚಿಗವ್ವನ ಕಡಕ್ ರೊಟ್ಟಿಯನ್ನು ಅರಬ್ ದೇಶಗಳಿಗೆ ಮುಟ್ಟಿಸುವುದು ಕಷ್ಟವೆಂದು ನನಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಧಾರವಾಡದಲ್ಲಿ ಎಂ.ಕಾಂ. ಓದಿದ್ದೆ. ಜನ ಇಂಟರ್‌ನೆಟ್ಟಿನಲ್ಲಿ ಏನಾದರೂ ಹುಡುಕಿದಾಗ ನಮ್ಮ ಪುಟವೇ ಎಲ್ಲಕ್ಕಿಂತ ಮೊದಲು ಸಿಗುವಂತೆ ಮಾಡುವ ಎಸ್‌ಇಒ ಎಂಬ ವಿದ್ಯೆಯನ್ನೂ ಆನ್‌ಲೈನಿನಲ್ಲಿ ಕಲಿತು ಪ್ರಮಾಣಪತ್ರ ಪಡೆದಿದ್ದೆ. ಅರಬ್ಬಿ ಬರುತ್ತಿರಲಿಲ್ಲ. ಅದು ಬರಬೇಕೆಂದು ಕಲಿಸಿದವರು ಎಲ್ಲಿಯೂ ಹೇಳಿರಲಿಲ್ಲ.

ಚಿಗವ್ವ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಾಳೆ. ಅಷ್ಟೂ ರೊಟ್ಟಿ ಸವದತ್ತಿಯ ಈರಪ್ಪನವರ ಖಾನಾವಳಿಗೆ ಹೋಗುತ್ತಿತ್ತು. ಇಂಥ ರೊಟ್ಟಿ ಒಂದೇ ಖಾನಾವಳಿಯಲ್ಲಿ ಮುಗಿದುಹೋಗುವುದು ಅನ್ಯಾಯವೆಂದು ನನಗೆ ಅನ್ನಿಸಿತು.

"ಆ ಮಂದಿ ಜೋಳದ ರೊಟ್ಟಿ ತಿಂತಾರೇನವಾ?" ಎಂದಳು ಚಿಗವ್ವ.

"ಜೋಳದ ಸಲುವಾಗಿ ಎಷ್ಟ ಮಂದಿ ಹುಡುಕಾಕ ಹತ್ಯಾರ ನೋಡು" ಎಂದು ಲ್ಯಾಪ್‌ಟಾಪಿನಲ್ಲಿ ಗ್ರಾಫ್ ತೋರಿಸಿದೆ. ಗೆರೆ ಮೇಲಕ್ಕೆ ಏರುತ್ತಿತ್ತು. ಚಿಗವ್ವ ಅದಕ್ಕೆ ಕೈ ಮುಗಿದಳು.

ಅರಬ್ಬಿ ಮಾತಾಡುವವರು ಜೋಳದ ಜೊತೆಗೆ ಯಾವ ಪದಗಳನ್ನು ಹೆಚ್ಚಾಗಿ ಹಾಕಿ ಹುಡುಕುತ್ತಾರೆಂದು ತಿಳಿಸುವ ಸಾಧನಗಳಿವೆ. ಜೋಳದ ಜೊತೆ ರೊಟ್ಟಿ ಎಂದು ಯಾರೂ ಹುಡುಕದ್ದರಿಂದ ಆ ಪದವನ್ನು ಬಿಟ್ಟು, ಪಟ್ಟಿಯ ಮೇಲಿನವನ್ನು ಆರಿಸಿದೆ. ಚೆನ್ನಾಗಿ ಒಣಗಿಸಿದ್ದು. ತೇವವಿಲ್ಲದ್ದು. ತಿಂಗಳುಗಟ್ಟಲೆ ಕೆಡದ್ದು. ಕಟ್ಟು ಕಟ್ಟಾಗಿ ಸಿಗುವಂಥದ್ದು. ಹಡೆದವರಿಗೆ ಪುಷ್ಟಿ ಕೊಡುವಂಥದ್ದು. ಒಂದೊಂದೂ ನಮ್ಮ ರೊಟ್ಟಿಗೆ ಅಳತೆ ತೆಗೆದು ಹೊಲಿಸಿದಂತಿತ್ತು. ಸುಳ್ಳು ಜಾಹೀರಾತು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಫೋನಿನ ಅನುವಾದದ ಆ್ಯಪ್‌ನಿಂದ ಎಲ್ಲವನ್ನೂ ಅರಬ್ಬಿಗೆ ತಂದು, ಬಲದಿಂದ ಎಡಕ್ಕೆ ಓದುವ ಹಾಗೆ ಪುಟವನ್ನು ಸಜ್ಜುಗೊಳಿಸಿದೆ. ಹಳ್ಳಿಯ ಸೊಗಸಿರಲೆಂದು ಹಿತ್ತಲಿನಲ್ಲಿ ಒಣ ಜೋಳದ ದಂಟು ಒಟ್ಟಿದ ಕಣಿಕೆ ಬಣವೆಯ ಮುಂದೆ ರೊಟ್ಟಿ ಪೇರಿಸಿ ಫೋಟೊ ತೆಗೆದೆ. ಪಕ್ಕದ ಮನೆಯವರಿಗೂ ಕೊಡದ ನನ್ನ ಫೋನ್ ನಂಬರನ್ನು ಹಲ್ಲು ಕಚ್ಚಿ ಅದರ ಕೆಳಗೆ ಹಾಕಿದೆ.

ಪುಟ ಮೇಲೇರಿತು. ಒಂದು ಬೆಳಿಗ್ಗೆ ನೋಡಿದರೆ ಅದೇ ಮೊದಲು!

ನಾನು ತಡಮಾಡಲಿಲ್ಲ. ಈರಪ್ಪನವರಿಗೆ ಮೆಸೇಜು ಕಳಿಸಿದೆ: "ನಮ್ಮ ಉತ್ಪಾದನೆಯನ್ನು ವಿದೇಶಿ ಮಾರುಕಟ್ಟೆಗೆ ಮೀಸಲಿಟ್ಟಿರುವುದರಿಂದ ಇನ್ನು ಮುಂದೆ ತಮಗೆ ಪೂರೈಕೆ ಸಾಧ್ಯವಾಗದೆಂದು ವಿಷಾದಪೂರ್ವಕವಾಗಿ ತಿಳಿಸುತ್ತೇವೆ." ಅವರು ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಕಳಿಸಿದರು.

"ಪಾಪ, ಒಂದ ಮಾತ ಬಾಯಿಲೆ ಹೇಳಬೇಕಿತ್ತು" ಎಂದಳು ಚಿಗವ್ವ. ವ್ಯವಹಾರದಲ್ಲಿ ಎಲ್ಲವೂ ಬರಹದಲ್ಲಿರಬೇಕೆಂದು ನಾನು ಅವಳಿಗೆ ವಿವರಿಸಿದೆ.

ಅದೇ ವಾರ ಸಾಲಿಂ ಎಂಬವರಿಂದ ಅರಬ್ಬಿಯಲ್ಲಿ ಮೆಸೇಜು ಬಂತು. ಆ್ಯಪ್ ಅದನ್ನು ಕನ್ನಡಕ್ಕೆ ತಂದುಕೊಟ್ಟಿತು: "ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಮ್ಮ ರೀಮಾ ಮೊನ್ನೆ ಹಡೆದಿದ್ದಾಳೆ. ಸರಿಯಾಗಿ ತಿನ್ನುತ್ತಿಲ್ಲ. ನಿಮ್ಮ ಸರಕು ಅವಳಿಗೆ ಆದೀತೇ? ಆದರೆ ಲಾರಿಗಟ್ಟಲೆ ತರಿಸಿಕೊಳ್ಳುತ್ತೇನೆ."

ದೊಡ್ಡ ಮನೆತನ ಎಂದುಕೊಂಡೆ. ಲಾರಿಗಟ್ಟಲೆ ರೊಟ್ಟಿ ತಿನ್ನುವ ಬಾಣಂತಿಯ ಬಗ್ಗೆ ಇನ್ನಷ್ಟು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

"ಅಯ್ಯ ಶಿವನ! ಹಸಿ ಬಾಣಂತಿಗೆ ಕಡಕ್ ರೊಟ್ಟಿನ?" ಎಂದು ಚಿಗವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು. "ಹಾಲಾಗ ನೆನಸಿ ಕೊಡಂತ ಬರಿ. ಬಳ್ಳೊಳ್ಳಿ, ಸಬ್ಬಸಗಿ ತಿನಸಂತ ಬರಿ. ಕಿವ್ಯಾಗ ಹತ್ತಿ ಇಟ್ಟು ತಲಿಗೆ ಬಟ್ಟಿ ಕಟ್ಟಬೇಕು, ಗಾಳಿ ಹೊಕ್ಕೀತು."

ನಮ್ಮ ಚಿಕ್ಕಮ್ಮನ ಮಾತು ಎಂದು ಒಂದಕ್ಷರ ಬಿಡದೆ ಕಳಿಸಿದೆ. ಉತ್ತರ ಬಂತು: "ನಿಮ್ಮ ಚಿಕ್ಕಮ್ಮನ ಕೈ ತಣ್ಣಗಿರಲಿ. ಹತ್ತಿ ಇಟ್ಟೆವು. ಬಟ್ಟೆ ಕಟ್ಟಲು ಹೋದರೆ ಕಚ್ಚಲು ಬರುತ್ತಾಳೆ."

"ಚೊಚ್ಚಲ ಇದ್ದೀತು" ಎಂದಳು ಜೊತೆಗೆ ರೊಟ್ಟಿ ಬಡಿಯುವ ನೀಲವ್ವ. "ನನ್ನ ಮಗಳೂ ಹಂಗ ಮಾಡಿದ್ಲು."

ಚಿಗವ್ವನ ಕರುಳು ಕರಗಿತ್ತು. ದೂರದ ಊರಿನ ಆ ಕೂಸಿಗೆ ಕುಂಚಿಗಿ ಹೊಲಿದು ರೊಟ್ಟಿಯ ಜೊತೆ ಕಳಿಸುವುದಾಗಿ ಹೇಳಿದಳು. ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ, ಜರಿಯಂಚಿನ ಈ ಟೊಪ್ಪಿಗೆ ನಮ್ಮ ಕಡೆ ಕೂಸಿನ ಮೊದಲ ಉಡುಗೊರೆ. "ತಲಿ ಎಷ್ಟ ದೊಡ್ಡದು ಐತಿ ಕೇಳು."

ಕೇಳಿದೆ. ಸಾಲಿಂ ಅವರು ಫೋಟೊ ಕಳಿಸಿದರು.

ಮರಳಿನ ಮೇಲೆ ಕಾಲು ಚೆಲ್ಲಿಕೊಂಡು ಒಂದು ಒಂಟೆ ಮರಿ ಕುಳಿತಿತ್ತು. ಹಿಂದೆ ತಾಯಿ ನಿಂತಿತ್ತು. ಅದರ ತಲೆಗೆ ಹೇಗೋ ಕೆಂಪು ಚೌಕಳಿಯ ಬಟ್ಟೆ ಕಟ್ಟಿದ್ದರು. ಅದು ಒಂದು ಕಿವಿಯ ಮೇಲೆ ಜಾರಿತ್ತು.

"ಕೂಸು ಚಂದ ಐತಿ" ಎಂದಳು ನೀಲವ್ವ.

ಚಿಗವ್ವ ನನ್ನ ಕಡೆ ತಿರುಗಿದಳು. "ನನ್ನ ರೊಟ್ಟಿ ಮೇವಂತ ಬರದೀಯೇನ ನೀ?"

"ಹಂಗ ಎಲ್ಲಿ ಬರದೇನಿ?" ಎಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆ ಸಾಧನದ ಮೇಲೆ, ಆ್ಯಪ್‌ನ ಮೇಲೆ, ಹೆಣ್ಣುಮಕ್ಕಳಿಗೆ ಇಡುವಂಥ ಹೆಸರನ್ನು ಒಂಟೆಗೆ ಇಟ್ಟ ಆ ಗೃಹಸ್ಥರ ಮೇಲೆ. ಪುಟವನ್ನು ತೆರೆದು, ಬರೆದದ್ದನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ ಓದಿ ತೋರಿಸಿದೆ. ಜೋಳ. ಒಣಗಿಸಿದ್ದು. ತೇವವಿಲ್ಲದ್ದು. ಕಟ್ಟು ಕಟ್ಟಾಗಿ ಸಿಗುವಂಥದ್ದು. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು.

"ಹಿಂದ ಬಣವಿ ಬ್ಯಾರೆ ನಿಂದರಸೀದಿ" ಎಂದಳು ನೀಲವ್ವ. "ಅವರರ ಇನ್ನೇನ ತಿಳಕೊಬೇಕವಾ?"

ಆ ಪದಗಳನ್ನು ಹಾಕಿ ಹುಡುಕುತ್ತಿದ್ದವರೆಲ್ಲ ಒಂಟೆ, ಆಡು, ಹಸು ಸಾಕುವವರು. ಎಷ್ಟು ಜನ ಹುಡುಕುತ್ತಾರೆಂದು ನೋಡಿದ ನಾನು, ಯಾರ ಹೊಟ್ಟೆಗೆಂದು ಹುಡುಕುತ್ತಾರೆಂದು ನೋಡಿರಲಿಲ್ಲ. ಪುಟದಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನನ್ನನ್ನು ಹೆಚ್ಚು ಉರಿಸಿದ್ದು ಅದೇ.

ಇದು ಮನುಷ್ಯರು ತಿನ್ನುವ ರೊಟ್ಟಿ ಎಂದು ಸಾಲಿಂ ಅವರಿಗೆ ಖಡಾಖಂಡಿತವಾಗಿ ಬರೆದೆ. ಅವರು ಎಂದಿನ ವಿನಯದಿಂದಲೇ ಉತ್ತರಿಸಿದರು: "ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಹಾಗೆಂದು ಪುಟದಲ್ಲಿ ಬರೆಯಬಹುದಿತ್ತು."

ಇತ್ತ ಪಡಸಾಲೆಯಲ್ಲಿ ರೊಟ್ಟಿ ತೊಲೆಯ ಎತ್ತರಕ್ಕೆ ಬೆಳೆದಿತ್ತು. ಕೊಳ್ಳುವವರಿರಲಿಲ್ಲ. ಬಡಿಯಲು ಬಂದ ಹೆಂಗಸರು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. "ಈರಪ್ಪನವರನ್ನ ಬಿಡಿಸಿದಾಕಿ ನೀನ. ಹೋಗಿ ಹಿಡಕೊಂಡ ಬಾ" ಎಂದಳು ಚಿಗವ್ವ.

ಸವದತ್ತಿಯ ಬಸ್ಸು ಹತ್ತಿದೆ. ಯಾರ ಮುಂದೂ ಒಂದು ಮಾತು ಹೆಚ್ಚಿಗೆ ಆಡದ ನಾನು, ಊಟದ ಹೊತ್ತಿನಲ್ಲಿ, ತುಂಬಿದ ಖಾನಾವಳಿಯಲ್ಲಿ ನಿಂತು ವಿದೇಶಿ ಮಾರುಕಟ್ಟೆಯ ಏರಿಳಿತದ ಬಗ್ಗೆ ಮಾತಾಡತೊಡಗಿದೆ. ಈರಪ್ಪನವರು ಪಲ್ಯ ಬಡಿಸುತ್ತಲೇ ಕೇಳಿಸಿಕೊಂಡರು.

"ಅದೆಲ್ಲಾ ಇರ್ಲಿ, ಬಾಣಂತಿ ಆರಾಮ ಅದಾಳ್ರಿ?"

ಸುದ್ದಿ ನನಗಿಂತ ಮೊದಲಿನ ಬಸ್ಸಿಗೆ ಬಂದಿತ್ತು. ಊಟ ಮಾಡುತ್ತಿದ್ದವರು ತಲೆಯೆತ್ತಿದರು. ನಾನು ನೆಲ ನೋಡಿದೆ.

"ನಾಳಿಂದ ರೊಟ್ಟಿ ಕಳಸ್ರಿ ಅಕ್ಕಾರ" ಎಂದರು ಅವರು. "ಆ ಅವ್ವಾರ ಕೈ ರೊಟ್ಟಿ ಇಲ್ಲದ ನಮ್ಮ ಗಿರಾಕಿ ಮಾರಿ ಸೊಟ್ಟ ಮಾಡಾಕ ಹತ್ಯಾರ. ಆದ್ರ ಒಂದ ಕರಾರು ಐತ್ರಿ. ನಮ್ಮ ಖಾನಾವಳಿ ಹೆಸರ ಮಾತ್ರ ನೀವು ಇಂಟರ್‌ನೆಟ್ಟಿನ್ಯಾಗ ಹಾಕಬ್ಯಾಡ್ರಿ. ಇಲ್ಲಿ ಒಂಟಿ ಕಟ್ಟಾಕ ಜಾಗಾ ಇಲ್ಲ."

ಮಾತು ಕೊಟ್ಟೆ. ಹುಡುಕಿದವರಿಗೆ ಸಿಗುವಂತೆ ಮಾಡುವುದು ನಾನು ಕಲಿತ ವಿದ್ಯೆ. ಯಾರಿಗೂ ಸಿಗದಂತೆ ಮಾಡಿ ಎಂದು ಕೇಳಿಕೊಂಡ ಈರಪ್ಪನವರೇ ನನ್ನ ಮೊದಲ ಗಿರಾಕಿ. ಅವರ ಕೆಲಸವನ್ನು ಈವರೆಗೆ ಒಂದು ತಪ್ಪೂ ಇಲ್ಲದೆ ಮಾಡಿಕೊಂಡು ಬಂದಿದ್ದೇನೆ.