ಬೀಗಿತ್ತಿ, ಲಕ್ಸಾ ಮತ್ತು ಹಡಗಿನ ರೆಕ್ಕೆಗಳು

ಲಕ್ಸಾದ ಬಟ್ಟಲು ಬೀಗಿತ್ತಿಯ ಮಡಿಲಿಗೆ ಬೀಳದೇ ಇದ್ದಿದ್ದರೆ ಬಖ್ತಿಯಾರನಿಗೆ ಸಮುದ್ರಕ್ಕೆ ಹೋಗುವ ಗ್ರಹಚಾರ ಬರುತ್ತಿರಲಿಲ್ಲ.

ಬಿದ್ದದ್ದು ಹೋದ ವಾರ. ದಾತಿನ್ ಎಂಬ ಬಿರುದು ಹೊತ್ತ ಸಿರಿವಂತೆ ಮಜಿಯಾ ತನ್ನ ಮಗನಿಗೆ ಹೆಣ್ಣು ಕೊಡಲಿದ್ದ ಅಲೋರ್ ಸೆತಾರಿನ ಮನೆಯವರನ್ನು ತನ್ನ ಹಳೆಯ ವಿಹಾರದ ಹಡಗು, 'ಸೆರಿ ಮಾಯಾಂಗ್' ಎಂಬ ಯಾಟಿನಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಲಂಕಾವಿಯ ದ್ವೀಪಗಳ ಮರೆ ದಾಟುತ್ತಲೇ ಯಾಟ್ ಕೆಸರಿಗಿಳಿದ ಎಮ್ಮೆಯ ಹಾಗೆ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳತೊಡಗಿತು. ಮೀನಿನ ಹುಳಿಸಾರು ತುಂಬಿದ್ದ ಬಟ್ಟಲು ಮೇಜಿನ ಈ ತುದಿಯಿಂದ ಹೊರಟು, ನಡುವೆ ಕೂತವರನ್ನೆಲ್ಲ ಬಿಟ್ಟು, ಸರಿಯಾಗಿ ಬೀಗಿತ್ತಿ ಶರೀಫಾ ನೊರ್ಮಾಲಾಳ ಜರಿ ರೇಷ್ಮೆಯ ಮೇಲೆ ಮಗುಚಿತು. ಬೀಗಿತ್ತಿ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ದಾತಿನ್‌ಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಕಾಡಿ ಬೇಡಿ ಬೀಗಿತ್ತಿಯನ್ನು ಇನ್ನೊಂದು ಊಟಕ್ಕೆ ಒಪ್ಪಿಸಿದ್ದಾಯಿತು. ಅದೇ ಯಾಟ್, ಅದೇ ಲಕ್ಸಾ. ಅದಕ್ಕೇ ಈವತ್ತು ಬೆಳಿಗ್ಗೆ ಕುವಾ ಬಂದರಿನ ಮೆಕ್ಯಾನಿಕ್ ಬಖ್ತಿಯಾರ್ ಸೆರಿ ಮಾಯಾಂಗ್‌ನ ಹೊಟ್ಟೆಯೊಳಗೆ ಬೆವರು ಸುರಿಸುತ್ತ ಕೂತಿದ್ದ.

ಯಾಟಿನ ತಳದ ಎರಡು ಪಕ್ಕದಲ್ಲೂ ನೀರೊಳಗೆ ಮೀನಿನ ರೆಕ್ಕೆಯಂಥ ಒಂದೊಂದು ರೆಕ್ಕೆ. ಯಾಟ್ ಎಡಕ್ಕೆ ವಾಲಿದರೆ ಅವು ತಿರುಗಿ ಬಲಕ್ಕೆ ಒತ್ತಬೇಕು, ಬಲಕ್ಕೆ ವಾಲಿದರೆ ಎಡಕ್ಕೆ. ಯಾವಾಗ ಎಷ್ಟು ತಿರುಗಬೇಕೆಂದು ಅಪ್ಪಣೆ ಕೊಡುವುದು ಊಟದ ಕೋಣೆಯ ನೆಲದಡಿಯ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಒಂದು ಬುಗುರಿ ಗಿರ್ರೆಂದು ಸುತ್ತುತ್ತಿರುತ್ತದೆ. ಎಣ್ಣೆಯ ಕೊಳವೆ, ಪಂಪು ಎಲ್ಲ ನೋಡಿ ಕೊನೆಗೆ ಬಖ್ತಿಯಾರ್ ಈ ಬುಗುರಿ ಪೆಟ್ಟಿಗೆಯನ್ನು ಬಿಚ್ಚಿದ. ತಂತಿಗಳು ಕೂಡುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ ತೆಗೆದ. ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದು ಓಲಾಡಿಸಿದ. ರೆಕ್ಕೆಗಳು ವಿಧೇಯವಾಗಿ ತಿರುಗಿದವು.

"ಆಯ್ತು, ಕಪ್ತಾನ್ರೇ! ಇನ್ನು ನಾಲ್ಕು ಬೋಲ್ಟು ಬಿಗಿದ್ರೆ ನನ್ನ ಕೆಲಸ ಮುಗೀತು."

ಕಪ್ತಾನ ಸುಹೈಮಿ ಮೇಲಿನಿಂದ ಇಣುಕಿದ. ಅವನಿಗೆ ಬಖ್ತಿಯಾರ್ ಯಾವಾಗಲೂ 'ಬಾಂಗ್', ಅಂದರೆ ಅಣ್ಣ. "ಎಲ್ಲಿ ಮುಗೀತು ಬಾಂಗ್? ನೀವೂ ನಮ್ಜೊತೆ ಬರ್ತಿದೀರಂತೆ. ದಾತಿನ್ ಹೇಳಿದಾರೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಸಮುದ್ರಕ್ಕೆ!"

ಹಡಗುಗಳ ಹೊಟ್ಟೆಯಲ್ಲೇ ತಲೆ ನರೆಸಿಕೊಂಡ ಬಖ್ತಿಯಾರನಿಗೆ ಸಮುದ್ರವೆಂದರೆ ಪ್ರಾಣಭಯ ಎಂಬುದು ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕುವಾಲ ಪರ್ಲಿಸ್‌ಗೆ ಹೋಗುವ ಫೆರ್ರಿಯಲ್ಲೇ ಅವನು ಕಣ್ಣು ಮುಚ್ಚಿ, ಅವಳ ಕೈ ಹಿಡಿದು, ಬರುವ ಪ್ರಾರ್ಥನೆಗಳನ್ನೆಲ್ಲ ಎರಡೆರಡು ಸಲ ಹೇಳಿಕೊಳ್ಳುತ್ತಿದ್ದ. ಹಗ್ಗ ಕಟ್ಟಿ ನಿಲ್ಲಿಸಿದ ಹಡಗಿನಲ್ಲಿ ಮಾತ್ರ ಅವನು ಹುಲಿ.

ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ಹೇಗೋ ಕೂರಿಸಿ, ಬೋಲ್ಟು ಬಿಗಿದು ಮೇಲೆ ಓಡಿ ಬಂದ.

"ದಾತಿನ್, ದೊಡ್ಡ ಸ್ಪ್ಯಾನರ್ ಮನೇಲೇ ಬಿಟ್ಟು ಬಂದಿದೀನಿ. ಒಂದ್ನಿಮಿಷ ಹೋಗಿ..."

ಪಕ್ಕದ ದೋಣಿಯಲ್ಲೇ ಸಂಸಾರ ಹೂಡಿದ್ದ ಮುದುಕ ಹೆಂಗ್ ಸ್ವೀಗೆ ಪರರ ಕೆಲಸವೆಂದರೆ ಪ್ರಾಣ. "ಸ್ಪ್ಯಾನರ್ ತಾನೆ? ಯಾಕಯ್ಯಾ ಓಡ್ತೀಯ? ತಗೋ ನಂದು!" ಎಂದು ಎಸೆದೇಬಿಟ್ಟ.

"ಅಂಕಲ್, ಹೊಟ್ಟೆ ಬೇರೆ ಸರಿಯಿಲ್ಲ..."

"ಓಂ ಕಾಳಿನ ಕಷಾಯ ಮಾಡ್ಕೊಡ್ತೀನಿ, ಬಾ" ಎಂದು ಅಡುಗೆಯ ಕಾಕ್ ಯಾ ಅವನ ತೋಳು ಹಿಡಿದಳು. ಅಷ್ಟರಲ್ಲಿ ಹೆಂಗ್ ಸ್ವೀ ಯಾರೂ ಕೇಳದಿದ್ದರೂ ಹಗ್ಗ ಬಿಚ್ಚಿ ಎಸೆದು, "ಸುಖವಾಗಿ ಹೋಗ್ಬನ್ನಿ!" ಎಂದು ಕೈ ಬೀಸಿದ. ನೆಲಕ್ಕೂ ಬಖ್ತಿಯಾರನಿಗೂ ನಡುವೆ ಒಂದು ಮಾರು ನೀರು ಬಂತು. ಆಮೇಲೆ ಎರಡು ಮಾರು. ಆಮೇಲೆ ಅವನು ಆ ಕಡೆ ನೋಡಲಿಲ್ಲ.

ಊಟದ ಕೋಣೆಯಲ್ಲಿ ಬೀಗಿತ್ತಿ ಮೇಜಿನಿಂದ ಒಂದು ಮೊಳ ದೂರ ಕೂತಿದ್ದಳು. ಈ ಸಲ ರೇಷ್ಮೆ ಉಟ್ಟಿರಲಿಲ್ಲ.

ದಾತಿನ್ ಕಪ್ತಾನನಿಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ರೆಕ್ಕೆಗಳು ಕೊನೇವರೆಗೂ ಓಡ್ತಾ ಇರ್ಬೇಕು. ನಡುವೆ ಎಲ್ಲಾದ್ರೂ ನಿಲ್ಸಿದ್ಯೋ, ಆ ಟೋಪಿ ತೆಗೆದಿಟ್ಟು ಮನೆಗೆ ಹೋಗು."

ದ್ವೀಪಗಳ ಮರೆ ಮುಗಿಯಿತು. ಮೊದಲ ಅಲೆ ಬಂತು. ಯಾಟ್ ಎಡಕ್ಕೆ ವಾಲಿತು. ರೆಕ್ಕೆಗಳು ತಿರುಗಿದ ಸದ್ದು ಕೇಳಿಸಿತು. ಯಾಟ್ ಇನ್ನೂ ಎಡಕ್ಕೆ ವಾಲಿತು.

"ಯಾ ಅಲ್ಲಾ!" ಎಂದಳು ಬೀಗಿತ್ತಿ.

ಬಲಕ್ಕೆ ಬಂದಾಗ ಹೋದ ವಾರದ ಓಲಾಟ ತೊಟ್ಟಿಲು ತೂಗಿದಂತಿತ್ತು ಅನ್ನಿಸಿಬಿಟ್ಟಿತು. ಅಲೆ ಒಂದು ಗೇಣು ನೂಕಿದರೆ ರೆಕ್ಕೆಗಳು ಮೇಲೆ ಒಂದು ಮೊಳ ಸೇರಿಸಿ ನೂಕುತ್ತಿದ್ದವು. ಕುರ್ಚಿಗಳು ಊಟಕ್ಕೆ ಕರೆದಂತೆ ಮೇಜಿನತ್ತ ಬಂದು, ಅವಮಾನವಾದಂತೆ ಹಿಂದೆ ಹೋದವು. ದಾತಿನ್ ಸಾರಿನ ಪಾತ್ರೆಯನ್ನು ಹಸುಗೂಸಿನಂತೆ ತಬ್ಬಿಕೊಂಡು, "ಬಖ್ತಿಯಾರ್!" ಎಂದು ಕಿರುಚಿದಳು.

ಬಖ್ತಿಯಾರ್ ಆಗಲೇ ನೆಲದ ಹಲಗೆ ಎತ್ತಿ ಕೆಳಗಿಳಿದಿದ್ದ. ಕರ್ತವ್ಯಕ್ಕಲ್ಲ. ಕಿಟಕಿಯಲ್ಲಿ ಕಾಣುತ್ತಿದ್ದ ನೀರಿನ ಗೋಡೆ ಕಣ್ಣಿಗೆ ಬೀಳದಿರಲಿ ಎಂದು. ಕೆಳಗಾದರೋ ಇನ್ನೂ ಭೀಕರ. ಕತ್ತಲು, ಎಣ್ಣೆಯ ನಾತ, ಕಿವಿಗೆ ಅಂಗೈ ದೂರದಲ್ಲೇ ಸಮುದ್ರ ಹಲಗೆಯನ್ನು ಗುದ್ದುತ್ತಿದೆ. ಟಾರ್ಚು ಹಾಕಿ ನೋಡಿದ. ಪೆಟ್ಟಿಗೆಯ ಮೇಲೆ ಒಂದು ಬಾಣದ ಗುರುತಿತ್ತು. ಅದು ಯಾಟಿನ ಮೂತಿಯ ಕಡೆ ತೋರಿಸಬೇಕು. ಅದು ನೆಟ್ಟಗೆ ಬಾಲದ ಕಡೆ ತೋರಿಸುತ್ತಿತ್ತು.

ಪೆಟ್ಟಿಗೆಯನ್ನು ಹಿಂದುಮುಂದಾಗಿ ಕೂರಿಸಿದ್ದ! ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ರೆಕ್ಕೆಗಳಿಗೆ ಹೇಳುತ್ತಿದ್ದದ್ದು ಅದೇ.

ಹೆಂಗ್ ಸ್ವೀಯ ಸ್ಪ್ಯಾನರಿನಿಂದ ಬೋಲ್ಟುಗಳನ್ನು ಬಿಚ್ಚಿದ. ನಾಲ್ಕನೆಯದನ್ನು ಬಿಚ್ಚುವಾಗ ಯಾಟ್ ಎದ್ದು ಬಿತ್ತು. ಬೋಲ್ಟುಗಳು ಕೈಜಾರಿ ತಳದ ಕೊಳಚೆ ನೀರಿಗೆ ಬಿದ್ದವು. ಈಗ ಪೆಟ್ಟಿಗೆ ಅವನ ಕೈಯಲ್ಲೇ ಉಳಿಯಿತು. ಕೂಡಿಸಲು ಬೋಲ್ಟಿಲ್ಲ, ಕೆಳಗಿಡುವ ಧೈರ್ಯವಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಪೆಟ್ಟಿಗೆಯನ್ನು ಎದೆಗವಚಿ, ಅಲೆ ಬಂದಂತೆಲ್ಲ ತಾನೇ ಅದನ್ನು ಓಲಾಡಿಸತೊಡಗಿದ.

"ಕಾಕ್ ಯಾ! ಯಾವ್ಕಡೆ ವಾಲ್ತಿದೆ ಹೇಳ್ತಿರು!"

"ಸಾರು ಎಡಕ್ಕೆ ಹೊರಡ್ತು ಬಾಂಗ್!" ಕಂಡಿಯ ಬಾಯಲ್ಲಿ ಕೂತು ಕಾಕ್ ಯಾ ಕೂಗಿದಳು. "ಈಗ ಬಲಕ್ಕೆ! ದಾತಿನ್ ಕೂಡ ಬಲಕ್ಕೆ!"

ಓಲಾಡಿಸಿದ. ಪ್ರಾರ್ಥಿಸಿದ. ಇನ್ನೂ ಓಲಾಡಿಸಿದ.

"ಸ್ವಲ್ಪ ಕಮ್ಮಿ ಆಯ್ತು ಬಾಂಗ್! ಹಂಗೇ ಇರ್ಲಿ, ಹಂಗೇ!"

ಸ್ವಲ್ಪ ಹೊತ್ತಿಗೆ ಕಾಕ್ ಯಾಳ ದನಿಯೇ ಬದಲಾಯಿತು. "ಅಯ್ಯಪ್ಪಾ, ಲೋಟದ ನೀರು ಕದಲ್ತಾ ಇಲ್ಲ! ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು!"

ಮೇಲೆ ಚಮಚಗಳ ಸದ್ದು. ಆಮೇಲೆ ನಗು. ಕೆಳಗೆ ಬಖ್ತಿಯಾರನ ತೋಳು ಬಿದ್ದು ಹೋಗುವಂತಿದ್ದರೂ ಎದೆಯಲ್ಲಿ ಏನೋ ಅರಳಿತು. ಸಮುದ್ರ ಅವನ ಅಂಗೈಯಲ್ಲಿತ್ತು. ಅವನು ತೂಗಿದಂತೆ ತೂಗುತ್ತಿತ್ತು. ಇದಕ್ಕಾ ಇಷ್ಟು ವರ್ಷ ಹೆದರಿದ್ದು!

ಊಟ ಮುಗಿದ ಮೇಲೆ ಅವನನ್ನು ಮೇಲಕ್ಕೆಳೆದು ನಿಲ್ಲಿಸಿದರು. ಗ್ರೀಸು ಮೆತ್ತಿದ ಅವನ ಮುಖವನ್ನು ಬೀಗಿತ್ತಿ ಅಕ್ಕರೆಯಿಂದ ನೋಡಿದಳು.

"ಇವರೇನಾ ಸಮುದ್ರಾನ ಕೈಯಲ್ಲಿ ಹಿಡ್ಕೊಂಡೋರು? ನೋಡಿ ದಾತಿನ್, ಮಾತು ಕೊಡ್ತೀನಿ. ಮದುವೆ ನಡೀಲಿ. ಪೆನಾಂಗಿನಲ್ಲಿ ನಮ್ಮಕ್ಕ ಇದಾಳೆ. ನಾಳೇನೇ ಎಲ್ಲರೂ ಇದ್ರಲ್ಲೇ ಹೋಗಿ ಅವಳನ್ನ ಕರೆಯೋಣ. ಆದ್ರೆ ಒಂದು ಮಾತು. ಇವರು ಬಂದ್ರೆ ಮಾತ್ರ ನಾನು ಬರೋದು."

ಎಲ್ಲರೂ ಬಖ್ತಿಯಾರನ ಮುಖ ನೋಡಿದರು. ಬೆಳಿಗ್ಗೆಯಾಗಿದ್ದರೆ ಅವನು ಮೂರ್ಛೆ ಹೋಗುತ್ತಿದ್ದ. ಈಗ ಎದೆಯುಬ್ಬಿಸಿ, "ಪೆನಾಂಗ್ ಏನ್ಮಹಾ ಅಮ್ಮಾವ್ರೇ? ಸುಮಾತ್ರಾಗೇ ನಡೀರಿ! ನಾನಿರೋವರ್ಗೂ ಒಂದು ಹನಿ ಸಾರು ಚೆಲ್ಲಲ್ಲ. ಇದು ನನ್ನ ಆಣೆ" ಎಂದ. ದಾತಿನ್ ಕಣ್ಣೊರೆಸಿಕೊಂಡಳು.

ಅದೇ ಗತ್ತಿನಲ್ಲಿ ಅವನು ಚುಕ್ಕಾಣಿಯ ಕೋಣೆಗೆ ಹೋದ. ಒಳಗೆ ಕಪ್ತಾನ ಸುಹೈಮಿ ಒದ್ದೆ ಕೋಳಿಯಂತೆ ಮುದುರಿ ನಿಂತಿದ್ದ.

"ನೋಡಿದ್ರಾ ಕಪ್ತಾನ್ರೇ, ಹೆಂಗೆ ತೂಗಿದೆ?"

ಕಪ್ತಾನ ಬಾಗಿಲು ಮುಚ್ಚಿ ಅವನ ಕೈ ಹಿಡಿದುಕೊಂಡ. "ಬಾಂಗ್, ನಿಮ್ಮ ಕಾಲಿಗೆ ಬೀಳ್ತೀನಿ, ದಾತಿನ್‌ಗೆ ಹೇಳ್ಬೇಡಿ. ಮನೇಲಿ ಹೆಂಡ್ತಿ ಬಸುರಿ, ಈ ಕೆಲಸ ಹೋದ್ರೆ ನಾನು ಕೆಟ್ಟೆ."

"ಏನು ಹೇಳ್ಬಾರ್ದು?"

"ಆ ಓಲಾಟಕ್ಕೆ ನಂಗೆ ಕೈಕಾಲೇ ಬಿದ್ದೋದ್ವು. ನೀವು ಕೆಳಗೆ ಇಳಿದ್ರಲ್ಲ, ಆಗ್ಲೇ ಗುಂಡಿ ಒತ್ತಿ ರೆಕ್ಕೆಗಳನ್ನ ನಿಲ್ಲಿಸ್ಬಿಟ್ಟೆ. ಯಾಟ್ ತಿರುಗಿಸ್ಕೊಂಡು ದಾಯಾಂಗ್ ಬುಂಟಿಂಗ್ ದ್ವೀಪದ ಬೆನ್ನ ಹಿಂದೆ ತಂದು ನಿಲ್ಲಿಸ್ದೆ. ಇಲ್ಲಿ ಅಲೆ ಎಲ್ಲಿ ಬರತ್ತೆ ಬಾಂಗ್? ಕೆರೆ ಇದ್ದಂಗಿದೆ."

ಬಖ್ತಿಯಾರ್ ಕಿಟಕಿಯಾಚೆ ನೋಡಿದ. ಹಸಿರು ಗುಡ್ಡ ಅಡ್ಡಗೋಡೆಯಂತೆ ನಿಂತಿತ್ತು. ಅದರ ಬುಡದಲ್ಲಿ ಒಬ್ಬ ಮುದುಕ ಪುಟ್ಟ ದೋಣಿಯಲ್ಲಿ ಎದ್ದು ನಿಂತು ಆರಾಮಾಗಿ ಗಾಳ ಹಾಕುತ್ತಿದ್ದ.

"ಅಂದ್ರೆ ನಾನು ಅಷ್ಟು ಹೊತ್ತು ತೂಗಿದ್ದು?"

"ಬರೀ ಪೆಟ್ಟಿಗೆ, ಬಾಂಗ್."

ಅವನು ಕಪ್ತಾನನ ಕುರ್ಚಿಯಲ್ಲಿ ಕುಸಿದ. ಆಚೆ ದಾತಿನ್ ಫೋನಿನಲ್ಲಿ ಪೆನಾಂಗಿನವರಿಗೆ, "ಸಮುದ್ರಾನೇ ಹಿಡಿದಿಡೋ ಮನುಷ್ಯ ಸಿಕ್ಕಿದಾನೆ, ನಾಳೆ ಕರ್ಕೊಂಡು ಬರ್ತಿದೀನಿ" ಎಂದು ಕೂಗಿ ಹೇಳುತ್ತಿದ್ದಳು.

ಬಖ್ತಿಯಾರ್ ಕಪ್ತಾನನ ತೋಳು ಹಿಡಿದೆಳೆದ. "ಪೆನಾಂಗ್ ದಾರೀಲಿ ದ್ವೀಪ ಇದಾವಾ, ಕಪ್ತಾನ್ರೇ?"

"ಇದೆ ಬಾಂಗ್. ಒಂದು."

"ದೊಡ್ಡದಾ?"

ಕಪ್ತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕೋಳಿಮರಿ ಬೇಕಾದ್ರೆ ಅದರ ಹಿಂದೆ ಬಚ್ಚಿಟ್ಕೋಬಹುದು" ಎಂದ.